ಎರಡು ಸಲ ಬಂದವರಿಗೆ ಕೊರೊನಾ ಮತ್ತೆ ಬರ್ತದಾ? ನಿರೋಧಶಕ್ತಿ ಎಷ್ಟು ತಿಂಗಳು?

ಪ್ರಶ್ನೆ, ಬದಿಯಡ್ಕದಿಂದ

ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಉಂಟು. 2021ರ ಮೇಯಲ್ಲಿ ಒಮ್ಮೆ, 2022ರ ಜನವರಿಯಲ್ಲಿ ಇನ್ನೊಮ್ಮೆ ಕೊರೊನಾ ಆಗಿತ್ತು. ಕೋವಿಶೀಲ್ಡ್ ಎರಡು ಡೋಸ್, ಆಮೇಲೆ ಮುನ್ನೆಚ್ಚರಿಕೆ ಡೋಸ್ ಒಂದು ಆಗಿದೆ. ಮದುವೆಗೆ ಹೋಗಿ ಬಂದ ಮೂರನೇ ದಿನ ಗಂಟಲು ಕೆರೆತ, ಮೈಕೈ ನೋವು, ನಿನ್ನೆ ರಾತ್ರಿಯಿಂದ ಜ್ವರ. ಮನೆಯಲ್ಲೇ ಕೊರೊನಾ ಕಿಟ್‌ನಲ್ಲಿ ನೋಡಿದಾಗ ಒಂದೇ ಗೆರೆ (ನೆಗೆಟಿವ್) ಬಂತು. "ಎರಡು ಸಲ ಬಂದು ಹೋದವರಿಗೆ ಇನ್ನು ಬರುವುದಿಲ್ಲ, ಇದು ಮಳೆಗಾಲದ ಜ್ವರ" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದು ಹೌದಾ? ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿದರೆ ಗೊತ್ತಾಗಬಹುದಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಜನರಲ್ ಮೆಡಿಸಿನ್ ವೈದ್ಯರು, ಕಾಸರಗೋಡು

ಬರುವುದಿಲ್ಲ ಎನ್ನುವುದು ತಪ್ಪು. ನಮ್ಮ ದೇಶದ ಮೊಟ್ಟಮೊದಲ ಕೊರೊನಾ ರೋಗಿ ತೃಶೂರಿನವರು, ದೃಢಪಟ್ಟದ್ದು 2020ರ ಜನವರಿ 30ಕ್ಕೆ. ಅವರಿಗೇ 2021ರ ಜುಲೈಯಲ್ಲಿ ಪುನಃ ಪಾಸಿಟಿವ್ ಬಂತು. ಪ್ರಯೋಗಾಲಯದಲ್ಲಿ ವೈರಸ್ಸಿನ ಜೀನೋಮ್ ಹೋಲಿಸಿ ಖಚಿತಪಡಿಸಿದ ಮೊದಲ ಮರುಸೋಂಕು ಹಾಂಗ್‌ಕಾಂಗಿನದ್ದು, 2020ರ ಆಗಸ್ಟಿನಲ್ಲಿ. ಎರಡು ಸೋಂಕುಗಳ ನಡುವೆ ಇದ್ದದ್ದು 142 ದಿನ. ಹಾಗಾಗಿ ಇದು ಹೊಸ ಸಂಗತಿ ಏನೂ ಅಲ್ಲ.

ದಡಾರ ಒಮ್ಮೆ ಬಂದರೆ ಜೀವಮಾನಕ್ಕೆ ಸಾಕು, ಇದು ಯಾಕೆ ಹಾಗಲ್ಲ? ದಡಾರದ ವೈರಸ್ ಒಳಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲಿಕ್ಕೆ 10ರಿಂದ 14 ದಿನ ಬೇಕು. ಹಳೆಯ ಸೋಂಕನ್ನು ನೆನಪಿಟ್ಟುಕೊಂಡ ಕೋಶಗಳಿಗೆ ಎಚ್ಚೆತ್ತು ಆ್ಯಂಟಿಬಾಡಿ ತಯಾರು ಮಾಡಲಿಕ್ಕೆ ಅಷ್ಟು ಸಮಯ ಧಾರಾಳ. ಕೊರೊನಾದ ಈಗಿನ ಒಮಿಕ್ರಾನ್ ಬಳಗಕ್ಕೆ ಸುಮಾರು ಮೂರೇ ದಿನ ಸಾಕು. ನೆನಪಿನ ಕೋಶಗಳು ಎದ್ದು ಕೆಲಸ ಶುರುಮಾಡುವಷ್ಟರಲ್ಲಿ ಮೂಗು, ಗಂಟಲಿನಲ್ಲಿ ವೈರಸ್ ಬೆಳೆದಾಗಿರುತ್ತದೆ. ಅಲ್ಲಿಯೇ ಕಾವಲು ಕಾಯುವ ಆ್ಯಂಟಿಬಾಡಿ ಕೆಲವೇ ತಿಂಗಳಲ್ಲಿ ಇಳಿದುಹೋಗುತ್ತದೆ. ಮೇಲಿಂದ ವೈರಸ್ಸೂ ವೇಷ ಬದಲಿಸುತ್ತದೆ: 2021ರ ನವೆಂಬರಿನಲ್ಲಿ ಬಂದ ಒಮಿಕ್ರಾನಿನ ಸ್ಪೈಕ್ ಪ್ರೋಟೀನಿನಲ್ಲಿ (ವೈರಸ್ಸಿನ ಮೈಮೇಲಿನ ಮುಳ್ಳು) 30ಕ್ಕೂ ಹೆಚ್ಚು ಕಡೆ ಬದಲಾವಣೆ ಇತ್ತು. ನಿಮ್ಮ ಅಪ್ಪನಿಗೆ ಮೊದಲು ಬಂದದ್ದು ಡೆಲ್ಟಾ ಕಾಲದಲ್ಲಿ, ಎರಡನೆಯದ್ದು ಮೊದಲ ಒಮಿಕ್ರಾನ್ ಅಲೆಯಲ್ಲಿ. ಅಲ್ಲಿಂದೀಚೆಗೆ 2023ರ ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ಕಂಡ ಜೆಎನ್.1, 2025ರ ಮೇ–ಜೂನ್‌ನಲ್ಲಿ ಎನ್‌ಬಿ.1.8.1, ಎಲ್‌ಎಫ್.7 ಎಂಬ ಹೊಸ ತಳಿಗಳೆಲ್ಲ ಬಂದು ಹೋಗಿವೆ.

ಆದರೆ ಒಂದು ಧೈರ್ಯದ ಮಾತು. ಶ್ವಾಸಕೋಶಕ್ಕೆ ಇಳಿದು ಕೆಡಿಸಲಿಕ್ಕೆ ವೈರಸ್ಸಿಗೆ ಇನ್ನೂ ಕೆಲವು ದಿನ ಬೇಕು. ಅಷ್ಟು ಹೊತ್ತಿಗೆ ಸೋಂಕಾದ ಕೋಶಗಳನ್ನು ಕೊಲ್ಲುವ ಟಿ ಕೋಶಗಳೂ ಆ್ಯಂಟಿಬಾಡಿ ತಯಾರಿಸುವ ನೆನಪಿನ ಬಿ ಕೋಶಗಳೂ ತಯಾರಾಗಿರುತ್ತವೆ. ಸೋಂಕು ತಡೆಯುವ ಶಕ್ತಿ ಬೇಗ ಕರಗುತ್ತದೆ, ಜೀವಕ್ಕೆ ಕುತ್ತು ಬಾರದ ಹಾಗೆ ಕಾಯುವ ಶಕ್ತಿ ತುಂಬ ಕಾಲ ಬಾಳುತ್ತದೆ. ಇವೆರಡನ್ನೂ ಒಂದೇ ಅಂದುಕೊಂಡದ್ದರಿಂದಲೇ ನಿಮ್ಮ ಮನೆಯ ಗೊಂದಲ ಹುಟ್ಟಿದ್ದು.

ಲ್ಯಾಬ್ ಟೆಕ್ನಿಷಿಯನ್, ಕುಂಬಳೆ

ಮೊದಲ ದಿನದ ಒಂದು ಗೆರೆಯನ್ನು ನಂಬಬೇಡಿ ಅಕ್ಕಾ. ಲಸಿಕೆ ಆದವರಲ್ಲಿ, ಹಿಂದೆ ಸೋಂಕು ಬಂದವರಲ್ಲಿ ದೇಹ ಬೇಗ ಪ್ರತಿಕ್ರಿಯಿಸುವುದರಿಂದ ಜ್ವರ ಮೊದಲು, ವೈರಸ್ ಪೂರ್ತಿ ಹೆಚ್ಚುವುದು ಆಮೇಲೆ. ಹೆಚ್ಚಾಗಿ ಮೂರನೇ, ನಾಲ್ಕನೇ ದಿನಕ್ಕೆ ಕಿಟ್ ಸರಿಯಾಗಿ ಹಿಡಿಯುತ್ತದೆ. 48 ಗಂಟೆ ಬಿಟ್ಟು ಮತ್ತೊಂದು ಕಿಟ್‌ನಲ್ಲಿ ನೋಡಿ.

ಮಾಡುವ ಕ್ರಮದಲ್ಲೂ ತುಂಬ ತಪ್ಪಾಗುತ್ತದೆ. ಕೋವಿಸೆಲ್ಫ್‌ನಂಥ ಕಿಟ್ ಆದರೆ ಹೀಗೆ: ಮೂಗು ಸೀನಿ ಸ್ವಚ್ಛ ಮಾಡಿ, ಕೈ ತೊಳೆದು ಒರೆಸಿ. ಟ್ಯೂಬನ್ನು ಮೂರು ನಾಲ್ಕು ಸಲ ಮೇಜಿಗೆ ಮೆಲ್ಲಗೆ ತಟ್ಟಿದರೆ ದ್ರವ ಕೆಳಗೆ ಕೂರುತ್ತದೆ, ಆಮೇಲೆ ಮುಚ್ಚಳ ತೆಗೆಯಿರಿ. ಹತ್ತಿ ಕಡ್ಡಿಯನ್ನು ಮೂಗಿನೊಳಗೆ 2ರಿಂದ 4 ಸೆಂಟಿಮೀಟರ್ ತೂರಿಸಿ, ಗೋಡೆಗೆ ತಾಗಿಸಿಕೊಂಡು ಐದು ಸುತ್ತು ತಿರುಗಿಸಬೇಕು. ಅದೇ ಕಡ್ಡಿಯಲ್ಲಿ ಇನ್ನೊಂದು ಹೊಳ್ಳೆಗೂ ಐದು ಸುತ್ತು. ಹೆಚ್ಚಿನವರು ತುದಿಯಲ್ಲಿ ಸುಮ್ಮನೆ ಮುಟ್ಟಿಸಿ ತೆಗೆಯುತ್ತಾರೆ, ಹಾಗೆ ಮಾಡಿದರೆ ಪಾಸಿಟಿವ್ ಇದ್ದರೂ ನೆಗೆಟಿವ್ ತೋರಿಸುತ್ತದೆ. ಕಡ್ಡಿಯನ್ನು ದ್ರವದಲ್ಲಿ ಮುಳುಗಿಸಿ, ಟ್ಯೂಬಿನ ಕೆಳಭಾಗ ಒತ್ತಿ ಹಿಡಿದು ಹತ್ತು ಸಲ ತಿರುಗಿಸಿ, ಗುರುತು ಇರುವಲ್ಲಿ ಮುರಿದು, ಮೂತಿ ಹಾಕಿ, ಎರಡೇ ಹನಿ ಬಿಡಿ. 15 ನಿಮಿಷಕ್ಕೆ ನೋಡಿ. 20 ನಿಮಿಷ ದಾಟಿದ ಮೇಲೆ ಮೂಡಿದ ಗೆರೆಗೆ ಬೆಲೆಯಿಲ್ಲ. 15ನೇ ನಿಮಿಷದಲ್ಲಿ 'ಟಿ' ಹತ್ತಿರ ತೀರಾ ಮಸುಕಾದ ಗೆರೆ ಕಂಡರೂ ಅದು ಪಾಸಿಟಿವ್. 'ಸಿ' ಗೆರೆಯೇ ಬಾರದಿದ್ದರೆ ಕಿಟ್ ಕೆಟ್ಟದ್ದು.

ನಮ್ಮ ಊರಿನ ಮಳೆಗಾಲದ ತೇವಕ್ಕೆ ಪಟ್ಟಿ ಬೇಗ ಹಾಳಾಗುತ್ತದೆ. ಪೌಚನ್ನು ಮೊದಲೇ ಹರಿದಿಡಬೇಡಿ, ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಹೊರಗಿನ ಬಿಸಿಗೆ ಬಂದ ಮೇಲೆ ಬಳಸಿ, ಅವಧಿ ಮುಗಿದ ತಾರೀಕು ನೋಡಿ.

ಸ್ಟಾಫ್ ನರ್ಸ್, ಉಪ್ಪಳ

"ಮಳೆಗಾಲದ ಜ್ವರ" ಅಂತ ಹೇಳಿ ಬಿಡುವುದೇ ದೊಡ್ಡ ಅಪಾಯ. ಕೊರೊನಾ ಅಲ್ಲದಿದ್ದರೆ ಡೆಂಗಿ ಇರಬಹುದು, ಇಲಿಜ್ವರ (ಎಲಿಪ್ಪನಿ) ಇರಬಹುದು, ಎಚ್1ಎನ್1 ಇರಬಹುದು. ಗಂಟಲು ಕೆರೆತ, ಮೂಗು ಸೋರುವುದು, ಕೆಮ್ಮು ಮೊದಲು ಬಂದಿದ್ದರೆ ಕೊರೊನಾ ಅಥವಾ ಫ್ಲೂ ಕಡೆಗೆ ಸಂದೇಹ. ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ಗುಳ್ಳೆ ಇದ್ದರೆ ಡೆಂಗಿ. ಮೀನಖಂಡ ಮುಟ್ಟಲಿಕ್ಕಾಗದಷ್ಟು ನೋವು, ಕಣ್ಣು ಕೆಂಪು, ತೋಟದ ನೀರಿಗೋ ಗದ್ದೆಗೋ ಇಳಿದ ಚರಿತ್ರೆ ಇದ್ದರೆ ಇಲಿಜ್ವರ. ಲಕ್ಷಣದಿಂದಲೇ ತೀರ್ಮಾನ ಮಾಡುವ ಹಾಗಿಲ್ಲ, ಆದ್ದರಿಂದ ಎರಡನೇ ದಿನವೂ ಜ್ವರ ಇಳಿಯದಿದ್ದರೆ ಕುಟುಂಬಾರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಆದರೆ ಚೆನ್ನಾಗಿ ಹಿಡಿಯುತ್ತದೆ. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ, ಆರು ಗಂಟೆಗೊಂದರಂತೆ 650 ಮಿಲಿಗ್ರಾಂ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇಂಜೆಕ್ಷನ್ ಬೇಡವೇ ಬೇಡ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ಸಕ್ಕರೆ ಕಾಯಿಲೆ ಇರುವುದರಿಂದ ಇನ್ನೆರಡು ವಿಷಯ. ಜ್ವರದಲ್ಲಿ ಸಕ್ಕರೆ ಏರುತ್ತದೆ. ಆರು ಗಂಟೆಗೊಮ್ಮೆ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ. ಕರಿಮೆಣಸಿನ ಕಷಾಯ ಕೊಡುವುದಾದರೆ ಬೆಲ್ಲ ಹಾಕದೆ ಕೊಡಿ. ಊಟ ಸೇರದೆ ವಾಂತಿ ಆಗುತ್ತಿದ್ದರೆ ಡಾಪಾಗ್ಲಿಫ್ಲೋಜಿನ್ ಗುಂಪಿನ ಸಕ್ಕರೆ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಬಹುದು. ಮೆಟ್‌ಫಾರ್ಮಿನ್ ಬಗ್ಗೆಯೂ ಅವತ್ತೇ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ಸುಲಿನ್ ಮಾತ್ರ ನೀವಾಗಿ ನಿಲ್ಲಿಸಲಿಕ್ಕಿಲ್ಲ.

ಆಕ್ಸಿಮೀಟರ್ ಹಾಕುವ ಮೊದಲು ಐದು ನಿಮಿಷ ಕುಳ್ಳಿರಿಸಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್, ದಟ್ಟ ಮದರಂಗಿ ಇರುವ ಬೆರಳು ಬಿಟ್ಟು ಬೇರೆ ಬೆರಳಿಗೆ ಹಾಕಿ. ಮದುವೆ ಮನೆಯಿಂದ ಬಂದವರಲ್ಲಿ ಇದು ತಪ್ಪಿಹೋಗುತ್ತದೆ. ಅಂಕಿ ಕುಣಿಯುವುದು ನಿಂತ ಮೇಲೆ ಓದಿ. 94 ಅಥವಾ ಮೇಲೆ ಇದ್ದರೆ ಮನೆಯೊಳಗೇ ಆರು ನಿಮಿಷ ನಡೆಸಿ ಮತ್ತೆ ನೋಡಿ. ಮೂರು ಅಂಕಿ ಇಳಿದರೆ, ಅಥವಾ 93ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಹೊರಡಿ. ಕುಳಿತಲ್ಲೇ 94ಕ್ಕಿಂತ ಕಡಿಮೆ ಇರುವವರನ್ನು ನಡೆಸಬೇಡಿ. ಎದೆನೋವು, ಮಾತು ತಡವರಿಸುವುದು, ಎಚ್ಚರಿಸಿದರೂ ತೂಕಡಿಕೆ: ಇವಿದ್ದರೆ ಅಂಕಿ ನೋಡುತ್ತ ಕೂರಬೇಡಿ. ರಾತ್ರಿ ಸಂದೇಹ ಬಂದರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಕರೆ ಮಾಡಿ.

ಮೈಕ್ರೋಬಯಾಲಜಿ ಅಧ್ಯಾಪಕರು, ಪೆರ್ಲ

ಮೇಲೆ ಡಾಕ್ಟರರು ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. ಒಮಿಕ್ರಾನ್ ಕಾಲದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್ ಪತ್ರಿಕೆಯಲ್ಲಿ ಬಂದ ಲೆಕ್ಕ ಹೀಗಿದೆ. ಹಿಂದೆ ಸೋಂಕು ಮಾತ್ರ ಆಗಿ ಲಸಿಕೆ ಆಗದವರಲ್ಲಿ, ಮರುಸೋಂಕಿನಿಂದ ರಕ್ಷಣೆ ಮೂರನೇ ತಿಂಗಳಿಗೆ ಶೇ. 65.2, ವರ್ಷ ತುಂಬುವಾಗ ಶೇ. 24.7. ಅದೇ ಜನರಲ್ಲಿ ತೀವ್ರ ಕಾಯಿಲೆಯಿಂದ ರಕ್ಷಣೆ ಮೂರನೇ ತಿಂಗಳಿಗೆ ಶೇ. 82.5, ವರ್ಷಕ್ಕೆ ಶೇ. 74.6. ಸೋಂಕೂ ಆಗಿ ಎರಡು ಡೋಸ್ ಲಸಿಕೆಯೂ ಆದವರಲ್ಲಿ ವರ್ಷದ ಕೊನೆಗೂ ತೀವ್ರ ಕಾಯಿಲೆಯಿಂದ ಶೇ. 97.4 ರಕ್ಷಣೆ ಉಳಿದಿತ್ತು, ಆದರೆ ಮರುಸೋಂಕಿನಿಂದ ಶೇ. 41.8 ಮಾತ್ರ. ನಿಮ್ಮ ತಂದೆಯವರು ಈ ಕೊನೆಯ ಗುಂಪಿನವರು. ಆದರೆ ಇವು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ. 2021ರ ಡೆನ್ಮಾರ್ಕ್ ಅಧ್ಯಯನದಲ್ಲಿ ಒಟ್ಟು ಜನರಿಗೆ ಶೇ. 80ರಷ್ಟು ರಕ್ಷಣೆ ಇದ್ದಾಗಲೇ 65 ದಾಟಿದವರಿಗೆ ಶೇ. 47 ಮಾತ್ರ ಇತ್ತು. ವಯಸ್ಸು, ಸಕ್ಕರೆ ಎರಡನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಜೊತೆಗೆ ಅವರ ಕೊನೆಯ ಡೋಸಿಗೆ ಈಗ ವರ್ಷಗಳೇ ಕಳೆದಿವೆ.

ಡೆಲ್ಟಾ ಕಾಲದ ಮಾತನ್ನು ಈಗಲೂ ಹಿಡಿದುಕೊಂಡಿರುವುದರಿಂದ "ಬಂದವರಿಗೆ ಬರುವುದಿಲ್ಲ" ಎಂಬ ನಂಬಿಕೆ ಉಳಿದಿದೆ. ಆಗ ಅದು ಬಹುಮಟ್ಟಿಗೆ ನಿಜವೂ ಆಗಿತ್ತು: ಕತಾರ್ ದೇಶದ ಲೆಕ್ಕದಲ್ಲಿ ಒಮಿಕ್ರಾನ್‌ಗಿಂತ ಮೊದಲು ಒಮ್ಮೆ ಬಂದವರಿಗೆ ಶೇ. 80ರ ಸುಮಾರಿಗೆ ರಕ್ಷಣೆ ಇತ್ತು, ಅದು ತಿಂಗಳು ಕಳೆದರೂ ಹೆಚ್ಚೇನೂ ಇಳಿಯಲಿಲ್ಲ. ಒಮಿಕ್ರಾನ್ ಬಂದ ಮೇಲೆ ಆ ರಕ್ಷಣೆ ಒಂದು ವರ್ಷದೊಳಗೆ ಕರಗತೊಡಗಿತು. ನೆಗಡಿ ತರುವ ಹಳೆಯ ನಾಲ್ಕು ಕೊರೊನಾ ವೈರಸ್‌ಗಳ ಸ್ವಭಾವವೂ ಇದೇ. ಅವು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಬರಬಲ್ಲವು.

ಗಡಿ ಭಾಗದವರಿಗೆ ಇನ್ನೊಂದು ಮಾತು. 2021ರ ಜೂನ್–ಜುಲೈಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ ಆ್ಯಂಟಿಬಾಡಿ ಕಂಡವರು ಕೇರಳದಲ್ಲಿ ಶೇ. 44.4, ಕರ್ನಾಟಕದಲ್ಲಿ ಶೇ. 69.8. ತಲಪಾಡಿ ಗಡಿಯ ಆಚೆ ಕರ್ನಾಟಕದವರಿಗೆ ಬೇಗ ಬಂದು ಹೋದದ್ದು ಈಚೆ ನಿಧಾನವಾಗಿ ಬಂತು. ಮಂಗಳೂರಿನ ನೆಂಟರಿಗೆ ಹೀಗಾಯಿತು, ನಮಗೂ ಹಾಗೇ ಆಗುತ್ತದೆ ಎಂದು ಹೋಲಿಸಲಿಕ್ಕಾಗುವುದಿಲ್ಲ.

ಆ್ಯಂಟಿಬಾಡಿ ಪರೀಕ್ಷೆಗೆ ಹಣ ಹಾಕಬೇಡಿ. ಕೋವಿಶೀಲ್ಡ್ ಸ್ಪೈಕ್ ಭಾಗಕ್ಕೆ ಮಾತ್ರ ಆ್ಯಂಟಿಬಾಡಿ ಹುಟ್ಟಿಸುತ್ತದೆ. ಕೋವ್ಯಾಕ್ಸಿನ್ ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ್ದರಿಂದ ವೈರಸ್ಸಿನ ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಭಾಗಕ್ಕೂ ಹುಟ್ಟಿಸುತ್ತದೆ. ಯಾವ ಭಾಗದ ಪರೀಕ್ಷೆ ಎಂದು ತಿಳಿಯದೆ ವರದಿ ಓದಿದರೆ ಲಸಿಕೆಯ ಆ್ಯಂಟಿಬಾಡಿಯನ್ನೇ ಸೋಂಕು ಅಂದುಕೊಳ್ಳುತ್ತೀರಿ. ಎಷ್ಟು ಅಂಕಿ ಇದ್ದರೆ ಸುರಕ್ಷಿತ ಎಂಬ ಗೆರೆಯೂ ಇಲ್ಲ. ಟಿ ಕೋಶ ಅದರಲ್ಲಿ ಕಾಣುವುದೇ ಇಲ್ಲ.

ಆಶಾ ಕಾರ್ಯಕರ್ತೆ, ಎಣ್ಮಕಜೆ

ಎರಡನೇ ಕಿಟ್ ನೋಡುವವರೆಗೆ ಪಾಸಿಟಿವ್ ಅಂತಲೇ ಇಟ್ಟುಕೊಳ್ಳಿ. ಅಪ್ಪನಿಗೆ ಬೇರೆ ಕೋಣೆ. ಮಳೆ ಅಂತ ಕಿಟಕಿ ಎಲ್ಲ ಮುಚ್ಚಬೇಡಿ. ಗಾಳಿ ಬೀಸದ ಬದಿಯ ಕಿಟಕಿ ತೆರೆದು, ಫ್ಯಾನನ್ನು ಹೊರಮುಖವಾಗಿ ಇಡಿ. ಒಳಗೆ ಹೋಗುವವರು ಎನ್95 ಹಾಕಬೇಕು. ಮೂಗಿನ ತಂತಿ ಒತ್ತಿ, ಕೆನ್ನೆಯ ಬದಿಯಲ್ಲಿ ಗಾಳಿ ನುಗ್ಗದ ಹಾಗೆ ನೋಡಿ. ಒದ್ದೆಯಾದ ಮಾಸ್ಕ್ ಬದಲಿಸಿ. ಗಂಜಿ, ಬೊಂಡ (ಎಳನೀರು) ಕೊಡಬಹುದು, ಆದರೆ ಮೂತ್ರಪಿಂಡದ ತೊಂದರೆ ಇದ್ದರೆ ಬೊಂಡ ಬೇಡ. ಹಬೆ ತೆಗೆದರೆ ಮೂಗು ಬಿಡುತ್ತದೆಯೇ ಹೊರತು ವೈರಸ್ ಸಾಯುವುದಿಲ್ಲ. ಬಿಸಿನೀರಿನ ಪಾತ್ರೆ ಮಗುಚಿ ಸುಟ್ಟುಕೊಳ್ಳುವುದು ಉಂಟು. ಪಾಸಿಟಿವ್ ಆದ ದಿನದಿಂದ ಕನಿಷ್ಠ ಏಳು ದಿನ, ಕೊನೆಯ ಮೂರು ದಿನ ಜ್ವರವಿಲ್ಲದಿದ್ದರೆ ಹೊರಗೆ ಬರಬಹುದು.

ಪ್ರಶ್ನೆ ಕೇಳಿದವರು

ನೀವು ಹೇಳಿದ ಹಾಗೆ ಇವತ್ತು ಮತ್ತೆ ನೋಡಿದೆವು, ಎರಡು ಗೆರೆ ಬಂತು. ಆಕ್ಸಿಜನ್ 97, ನಡೆದ ಮೇಲೆ 96. ಮನೆಯಲ್ಲಿ ಹಿಂದಿನ ಸಲದ ಸ್ಟೀರಾಯ್ಡ್ ಮಾತ್ರೆ ಉಳಿದದ್ದು ಉಂಟು, ಕೊಡಬಹುದಾ? ಮುಂದಿನ ತಿಂಗಳು ಮಂಗಳೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿದೆ, ಅಲ್ಲಿ ಪಿಸಿಆರ್ ಕೇಳಿದರೆ ಏನು ಮಾಡುವುದು?

ಜನರಲ್ ಮೆಡಿಸಿನ್ ವೈದ್ಯರು, ಕಾಸರಗೋಡು

ಸ್ಟೀರಾಯ್ಡ್ ಕೊಡಲೇಬೇಡಿ, ಆ ಮಾತ್ರೆಗಳನ್ನು ಮನೆಯಿಂದಲೇ ತೆಗೆದುಹಾಕಿ. 2020ರ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಜೀವ ಉಳಿಸಿದ್ದು ಆಕ್ಸಿಜನ್ ಬೇಕಾದವರಲ್ಲಿ ಮಾತ್ರ. ಬೇಡದವರಿಗೆ ಕೊಟ್ಟರೆ ವೈರಸ್ ವಿರುದ್ಧದ ಹೋರಾಟವೇ ತಗ್ಗುತ್ತದೆ, ಸಕ್ಕರೆ ಮುನ್ನೂರು ದಾಟಬಹುದು. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದು ಹೆಚ್ಚಾಗಿ ಇಂಥವರಲ್ಲೇ. ಅಜಿತ್ರೋಮೈಸಿನ್, ಐವರ್‌ಮೆಕ್ಟಿನ್ ಕೂಡ ಬೇಡ. ನಿರ್ಮಾಟ್ರೆಲ್ವಿರ್–ರಿಟೊನಾವಿರ್ ಎಂಬ ವೈರಸ್ ನಿರೋಧಕ ಮಾತ್ರೆ ಕೆಲಸ ಮಾಡುವುದು ಲಕ್ಷಣ ಶುರುವಾದ ಐದು ದಿನದೊಳಗೆ ತೊಡಗಿದರೆ ಮಾತ್ರ. ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆ ಅದು ಹೊಂದುವುದಿಲ್ಲ. ಹಾಗಾಗಿ ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಹಿಡಿದುಕೊಂಡು ನಾಳೆಯೇ ನಿಮ್ಮ ವೈದ್ಯರನ್ನು ನೋಡಿ.

ಲ್ಯಾಬ್ ಟೆಕ್ನಿಷಿಯನ್, ಕುಂಬಳೆ

ಪಿಸಿಆರ್ ಬಗ್ಗೆ: ಗುಣವಾದ ಮೇಲೂ ಸತ್ತ ವೈರಸ್ಸಿನ ತುಣುಕು ವಾರಗಟ್ಟಲೆ, ಕೆಲವರಲ್ಲಿ ಮೂರು ತಿಂಗಳವರೆಗೂ ಸಿಗುತ್ತದೆ. ಅದಕ್ಕೇ ಐಸಿಎಂಆರ್ ಮರುಸೋಂಕು ಎನ್ನಲಿಕ್ಕೆ ಎರಡು ಪಾಸಿಟಿವ್‌ಗಳ ನಡುವೆ ಕನಿಷ್ಠ 102 ದಿನ, ಮಧ್ಯೆ ಒಂದು ನೆಗೆಟಿವ್ ಇರಬೇಕು ಎಂದು ಇಟ್ಟದ್ದು. ಒಮಿಕ್ರಾನ್ ಬಂದ ಮೇಲೆ 60 ದಿನದೊಳಗೆ ನಿಜವಾದ ಮರುಸೋಂಕು ಆದದ್ದೂ ಅಪರೂಪಕ್ಕೆ ದಾಖಲಾಗಿದೆ, ಆದ್ದರಿಂದ ಹೊಸ ಲಕ್ಷಣ ಬಂದರೆ 102 ದಿನದ ಲೆಕ್ಕ ನೋಡಿ ಸುಮ್ಮನಾಗಬೇಡಿ. ಮುಂದಿನ ತಿಂಗಳು ಪಿಸಿಆರ್ ಪಾಸಿಟಿವ್ ಬಂದರೆ ಸಿಟಿ ಅಂಕಿ ಕೇಳಿ (ಅದು ಹೆಚ್ಚಿದ್ದಷ್ಟೂ ವೈರಸ್ ಕಡಿಮೆ). ಲಕ್ಷಣವಿಲ್ಲದೆ ಅದು 35ರ ಆಸುಪಾಸಿನಲ್ಲಿದ್ದು, ಆ್ಯಂಟಿಜೆನ್ ನೆಗೆಟಿವ್ ಇದ್ದರೆ ಹಳೆಯ ತುಣುಕು ಎಂದೇ ಹೆಚ್ಚಿನ ಸಂದೇಹ. ಆದರೆ ಕಿಟ್‌ನ ಫೋಟೊ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ನಾಳೆಯೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ತಾರೀಕು ಇರುವ ವರದಿ ತೆಗೆದಿಡಿ.

ಆಶಾ ಕಾರ್ಯಕರ್ತೆ, ಎಣ್ಮಕಜೆ

ಆ ವರದಿಯನ್ನು ಸಕ್ಕರೆ ಬರೆಯುವ ಪುಸ್ತಕದಲ್ಲಿಯೇ ಇಡಿ ಅಕ್ಕಾ. ಅದರ ಕೊನೆಯ ಪುಟದಲ್ಲಿ 2021, 2022ರ ತಾರೀಕುಗಳನ್ನೂ ಮೂರು ಡೋಸಿನ ತಾರೀಕುಗಳನ್ನೂ ಬರೆಯಿರಿ. ತಲಪಾಡಿ ದಾಟಿ ಹೋದ ಮೇಲೆ ಅಲ್ಲಿನ ಡಾಕ್ಟರರು ಮೊದಲು ಕೇಳುವುದು ಅದನ್ನೇ. ಮೂರು ತಿಂಗಳು ಕಳೆದ ಮೇಲೂ ಸುಸ್ತು, ಏದುಸಿರು, ಮರೆವು ಉಳಿದರೆ ಆ ಪುಸ್ತಕ ಹಿಡಿದುಕೊಂಡೇ ಕೇಂದ್ರಕ್ಕೆ ಬನ್ನಿ.