ಸಹಾಯ ಬೇಕು: ಅಧ್ಯಾಯಗಳೇ ಇಲ್ಲದ ಕಾದಂಬರಿಗೆ ಟಿಪ್ಪಣಿ ಹೇಗೆ?

ಕಾದಂಬರಿ ಓದುತ್ತಾ ಅನಿಸಿಕೆ ಬರೆದಿಡುವವರು ದಯವಿಟ್ಟು ತಿಳಿಸಿ. ಅಚ್ಚಿನ ಪುಸ್ತಕಕ್ಕೆ ಪುಟಸಂಖ್ಯೆ, ಪಾತ್ರದ ಹೆಸರು, ಒಂದು ಸಾಲು ಅಭಿಪ್ರಾಯ ಸಾಕು. ಮರುಮುದ್ರಣದಲ್ಲಿ ಪುಟ ಬದಲಾಗಬಹುದು, ಹಾಗಾಗಿ ಮುದ್ರಣದ ವರ್ಷವೂ ಇರಲಿ. ಪೇಚಾಟವೆಲ್ಲ ಇ-ಪುಸ್ತಕದ್ದು. ಅಕ್ಷರ ದೊಡ್ಡದು ಮಾಡಿದರೆ 112ನೇ ಪುಟದ ಮಾತು 160ಕ್ಕೆ ಹೋಗಿ ಕೂತಿರುತ್ತದೆ! ಅದಕ್ಕೇ ಅಧ್ಯಾಯದ ಸಂಖ್ಯೆ ಜೊತೆಗೆ ಪ್ಯಾರಾದ ಮೊದಲ ಮೂರು ಪದ ಬರೆದುಕೊಳ್ಳುವುದು. ಹುಡುಕಿದರೆ ತಕ್ಷಣ ಸಿಗುತ್ತದೆ.

ಆದರೆ ಅಧ್ಯಾಯವೇ ಇಲ್ಲದೆ, ಕಾಲ ಹಿಂದೆ ಮುಂದೆ ಜಿಗಿಯುವ ಕಾದಂಬರಿಗೆ ಏನು ಗುರುತು ಹಾಕುತ್ತೀರಿ? ಶೇಕಡಾ ಲೆಕ್ಕ ಒರಟು: 500 ಪುಟದ ಪುಸ್ತಕದಲ್ಲಿ 1% ಅಂದರೆ ಐದು ಪುಟ. ಘಟನೆಯ ಹೆಸರು ಬರೆದರೆ, ಟಿಪ್ಪಣಿ ಹಂಚಿಕೊಂಡಾಗ ಮುಂದಿನ ಓದುಗರಿಗೆ ಕಥೆಯ ಗುಟ್ಟು ರಟ್ಟಾಗುತ್ತದೆ. ಬೇರೆ ಉಪಾಯ ಇದೆಯೇ?