ಜರಿ ಸೀರೆ ಶೂಟ್ ಮಾಡುವ ವಿಧಾನವನ್ನು ಬೇರೆ ಸ್ಟುಡಿಯೋದವರಿಗೆ ಹೇಳಿಕೊಡಬೇಕಾ?

ಸೆರಗಿನಂಚು:
ರೇಷ್ಮೆ ಸೀರೆ ಅಂಗಡಿಗಳ ಕ್ಯಾಟಲಾಗ್ ಫೋಟೋ ನಮ್ಮ ಮುಖ್ಯ ಕೆಲಸ. ಜರಿ ಬೆಳ್ಳಗೆ ಸಿಡಿಯದಂತೆ, ಒಡಲಿನ ಬಣ್ಣ ತೊಳೆದುಹೋದಂತೆ ಕಾಣದಿರಲೆಂದು ಕ್ರಾಸ್ ಪೋಲರೈಸೇಶನ್ (ಲೈಟಿಗೂ ಲೆನ್ಸಿಗೂ ಒಂದಕ್ಕೊಂದು ಅಡ್ಡವಾಗಿ ಪೋಲರೈಸರ್ ಹಾಕಿ ಮೇಲ್ಮೈಯ ಹೊಳಪು ತಡೆಯುವ ವಿಧಾನ) ಬಳಸುತ್ತೇವೆ. ಊರಿನ ಛಾಯಾಗ್ರಾಹಕರ ಸಂಘದವರು ಇದರ ಬಗ್ಗೆ ಒಂದು ದಿನದ ಕಾರ್ಯಾಗಾರ ನಡೆಸಿಕೊಡಿ ಅಂತ ಕೇಳಿದ್ದಾರೆ. ಅಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಇದೇ ಅಂಗಡಿಗಳಿಗೆ ಕೊಟೇಶನ್ ಕೊಡುವವರು. ಹೇಳಿಕೊಡುವುದು ಸರಿಯೇ? ಹೇಳಿಕೊಟ್ಟರೆ ಎಷ್ಟರ ಮಟ್ಟಿಗೆ? ಕೆಲಸ ಬಿಟ್ಟು ಹೋಗುವ ಅಸಿಸ್ಟೆಂಟ್ ಹತ್ತಿರ "ಈ ವಿಧಾನ ಬೇರೆಲ್ಲೂ ಬಳಸುವುದಿಲ್ಲ" ಅಂತ ಬರೆಸಿಕೊಳ್ಳಬಹುದೇ? ಅನುಭವ ಇರುವವರು ದಯವಿಟ್ಟು ಹೇಳಿ.

ನೆರಳುಬೆಳಕು:
ಮೇಡಂ, ಪೂರ್ತಿ ಹೇಳಿಕೊಡಿ. ವರ್ಣಚಿತ್ರಗಳ ಪ್ರತಿ ತೆಗೆಯುವ ಮ್ಯೂಸಿಯಂಗಳು, ಚರ್ಮರೋಗದ ವೈದ್ಯರು ಎಲ್ಲರೂ ಬಳಸುವ ವಿಧಾನ ಇದು, ಯಾರ ಮನೆಯ ಗುಟ್ಟೂ ಅಲ್ಲ. ಸೀರೆಗೆ ಇದನ್ನು ಹೊಂದಿಸುವುದರಲ್ಲೇ ಕಷ್ಟ ಇರುವುದು. ಆದ್ದರಿಂದ ಇಲ್ಲೇ ಬರೆದುಬಿಡುತ್ತೇನೆ, ಕಾರ್ಯಾಗಾರಕ್ಕೂ ಟಿಪ್ಪಣಿಯಾಗಲಿ.

ಲೈಟಿನ ಮುಂದೆ ಲೀನಿಯರ್ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು), ಲೆನ್ಸಿಗೆ ಮಾಮೂಲಿ ಸಿಪಿಎಲ್ (ತಿರುಗಿಸಬಹುದಾದ ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್). ಹಾಳೆಯೇ ಎಲ್ಲಕ್ಕಿಂತ ಕೊನೆಯ ಪದರವಾಗಿರಬೇಕು. ಅದರ ಮುಂದೆ ಸಾಫ್ಟ್‌ಬಾಕ್ಸಿನ ಬಿಳಿ ಬಟ್ಟೆ ಬಂದರೆ ಬೆಳಕು ಮತ್ತೆ ಚದುರಿ ಧ್ರುವೀಕರಣವೇ (ಪೋಲರೈಸೇಶನ್) ಉಳಿಯುವುದಿಲ್ಲ. "ನನಗೆ ಕೆಲಸ ಮಾಡ್ತಿಲ್ಲ" ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಹಾಳೆಯನ್ನು ಫ್ಲ್ಯಾಶ್ ಟ್ಯೂಬಿನಿಂದ ಒಂದು ಗೇಣಾದರೂ ದೂರ ಇಡಿ, ಮಾಡೆಲಿಂಗ್ ಲ್ಯಾಂಪ್ (ಫ್ಲ್ಯಾಶಿನೊಳಗೆ ಸದಾ ಉರಿಯುವ ಬಲ್ಬ್) ಆರಿಸಿಬಿಡಿ. ಇಲ್ಲದಿದ್ದರೆ ಬಿಸಿಗೆ ಹಾಳೆ ಸುರುಟಿಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ಎರಡು ಲೈಟ್ ಇದ್ದರೆ ಎರಡೂ ಹಾಳೆಗಳ ಅಕ್ಷ ಒಂದೇ ದಿಕ್ಕಿಗಿರಬೇಕು. ಒಂದರ ಮೇಲೊಂದು ಹಿಡಿದು ನೋಡಿ: ಕತ್ತಲಾದರೆ ಅಡ್ಡ ಇವೆ, ತಿಳಿಯಾಗಿ ಕಂಡರೆ ಒಂದೇ ದಿಕ್ಕು. ಆಗಲೇ ಮಾರ್ಕರಿನಲ್ಲಿ ಬಾಣ ಬರೆದಿಡಿ.

ಲೈಟುಗಳನ್ನು ಸೀರೆಗೆ 45 ಡಿಗ್ರಿಯಲ್ಲಿಟ್ಟು, ಸೀರೆಯ ಮೇಲೊಂದು ಸ್ಟೀಲ್ ಚಮಚ ಇಡಿ. ಪ್ರತಿ ಸಲ ಸಿಪಿಎಲ್ ಅನ್ನು ಸ್ವಲ್ಪ ತಿರುಗಿಸಿ ಟೆಸ್ಟ್ ಶಾಟ್ ತೆಗೆಯಿರಿ. ಚಮಚದ ಹೊಳಪು ಆರಿ ಕಪ್ಪಾದ ಜಾಗವೇ ಪೂರ್ಣ ಕ್ರಾಸ್. ಹಾಳೆ, ಸಿಪಿಎಲ್ ಎರಡೂ ಸೇರಿ ಸುಮಾರು 3 ಸ್ಟಾಪ್ ಬೆಳಕು ತಿನ್ನುತ್ತವೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ). ಅದಕ್ಕೇ ಫ್ಲ್ಯಾಶ್ ಜೋರಾಗಿರಬೇಕು, ಕೋಣೆಯ ಬೇರೆ ಲೈಟೆಲ್ಲ ಆರಿರಬೇಕು. ಐಎಸ್ಒ 100, 1/125, ಎಫ್/8ರಿಂದ ಶುರು ಮಾಡಿ. ಬೆಳಕು ಸಾಲದಿದ್ದರೆ ಲೈಟ್ ಹತ್ತಿರ ತನ್ನಿ. ದೂರ ಅರ್ಧವಾದರೆ 2 ಸ್ಟಾಪ್ ವಾಪಸ್ ಸಿಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಪೂರ್ಣ ಕ್ರಾಸಿನಲ್ಲಿ ರೇಷ್ಮೆಯ ಬಣ್ಣ ಅದ್ಭುತವಾಗಿ ಬರುತ್ತದೆ, ಜರಿ ಮಾತ್ರ ಸತ್ತು ಕಂದಾಗುತ್ತದೆ. ಬಣ್ಣ ಹಾಕಿದ ನೂಲಿನ ಒಳಹೊಕ್ಕ ಬೆಳಕು ಅಲ್ಲೇ ಚದುರಿ ಧ್ರುವೀಕರಣ ಕಳೆದುಕೊಂಡು ಹೊರಬರುತ್ತದೆ, ಹಾಗಾಗಿ ಸಿಪಿಎಲ್ ದಾಟುತ್ತದೆ. ಲೋಹದ ಒಳಗೆ ಬೆಳಕು ಹೋಗುವುದೇ ಇಲ್ಲ. ಮೇಲ್ಮೈಯ ಪ್ರತಿಫಲನವೇ ಅದರ ಬಣ್ಣ. ಆ ಪ್ರತಿಫಲನವನ್ನೇ ಅಳಿಸಿದರೆ ಜರಿಯಲ್ಲಿ ಉಳಿಯುವುದೇನು?

ದಾರಿ ಎರಡಿವೆ. ಒಂದು, ಸೀರೆಯ ಒಂದು ಬದಿಯಿಂದ ತೀರಾ ತಗ್ಗು ಕೋನದಲ್ಲಿ ಹಾಳೆಯಿಲ್ಲದ ಇನ್ನೊಂದು ಲೈಟ್ ಇಡುವುದು. ಇನ್ನೊಂದು, ಟ್ರೈಪಾಡ್ ಕದಲಿಸದೆ ಎರಡು ಫ್ರೇಮ್ ತೆಗೆಯುವುದು. ಮೊದಲನೆಯದು ಪೂರ್ಣ ಕ್ರಾಸ್. ಎರಡನೆಯದಕ್ಕೆ ಸಿಪಿಎಲ್ 90 ಡಿಗ್ರಿ ತಿರುಗಿಸಿ, ಜರಿ ಸಿಡಿಯದಷ್ಟು ಫ್ಲ್ಯಾಶ್ ತಗ್ಗಿಸಿ. ಫೋಟೋಶಾಪಿನಲ್ಲಿ ಎರಡನೆಯದನ್ನು ಮೇಲಿನ ಲೇಯರ್ ಮಾಡಿ, ಅಂಚು–ಸೆರಗಿಗೆ ಮಾತ್ರ ಮಾಸ್ಕ್ ತೆರೆದು, ಒಪ್ಯಾಸಿಟಿ 30–40ರಲ್ಲಿ ಬಿಡಿ. ನೂರು ಸೀರೆ ಇದ್ದ ದಿನ ಎರಡನೆಯ ದಾರಿ ನಡೆಯುವುದಿಲ್ಲ, ಮೊದಲನೆಯದೇ ಗತಿ.

ವೈಟ್ ಬ್ಯಾಲೆನ್ಸ್, ಕಲರ್ ಚೆಕರ್ ಪ್ರೊಫೈಲ್ (ಬಣ್ಣದ ಚೌಕಗಳ ಕಾರ್ಡ್ ಬಳಸಿ ಮಾಡುವ ಬಣ್ಣದ ಹೊಂದಾಣಿಕೆ) ಎರಡನ್ನೂ ಹಾಳೆ, ಸಿಪಿಎಲ್ ಹಾಕಿದ ಮೇಲೇ ಮಾಡಬೇಕು. ಹಾಳೆಗೆ ತನ್ನದೇ ಛಾಯೆ ಇರುತ್ತದೆ. ಸೀರೆಯನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆಯಿರಿ, ಕವರ್ ಸಮೇತ ತೆಗೆದರೆ ಕಾಮನಬಿಲ್ಲಿನ ಪಟ್ಟೆಗಳು ಬರುತ್ತವೆ.

ಹಾಸುಹೊಕ್ಕು:
ನೆರಳುಬೆಳಕು ಸರ್ ಬರೆದದ್ದು ಖರೆ ಅದ, ಆದ್ರ ಡಬಲ್ ಶೇಡ್ ಸೀರಿಗೆ ಇಷ್ಟೇ ಸಾಲೂದಿಲ್ಲ. ಹಾಸು (ಉದ್ದನೂಲು) ಒಂದು ಬಣ್ಣ, ಹೊಕ್ಕು (ಅಡ್ಡನೂಲು) ಒಂದು ಬಣ್ಣ ಇದ್ದಾಗ ಬೆಳಕು ಯಾವ ಕಡಿಂದ ಬರ್ತದ ಅನ್ನೂದರ ಮ್ಯಾಲೆ ಸೀರಿ ಬಣ್ಣಾನ ಬದಲಾಗ್ತದ. ನೂಲು ಅಂದ್ರ ಸಣ್ಣ ಕೊಳವಿ ಇದ್ದಂಗ. ಅದರ ಉದ್ದಕ್ಕ ಅಡ್ಡಾಗಿ ಬಂದ ಬೆಳಕಿಗೆ ಅದು ಮಿಂಚ್ತದ. ಹಾಸಿನ ನೂಲಿಗೆ ಅಡ್ಡಾಗಿ ಲೈಟ್ ಇಟ್ರ ಹಾಸಿನ ಬಣ್ಣ ಮುಂದ ಬರ್ತದ, ಸೀರಿ 90 ಡಿಗ್ರಿ ತಿರುಗಿಸಿದ್ರ ಹೊಕ್ಕಿನದು. ಪೂರ್ಣ ಕ್ರಾಸ್ ಮಾಡಿದ್ರ ಆ ಮಿಂಚೇ ಹೋಗಿ ಎರಡೂ ಬಣ್ಣ ಕಲಸಿ ಒಂದ ಮಂಕು ಬಣ್ಣ ಆಗ್ತದ. ಗಿರಾಕಿ "ಇದು ನಾನು ನೋಡಿದ ಸೀರಿ ಅಲ್ಲ" ಅಂತ ವಾಪಸ್ ಕಳಸೂದು ಇದಕ್ಕ. ಇಂಥಾ ಸೀರಿಗೆ ಸಿಪಿಎಲ್ ಪೂರ್ಣ ಕ್ರಾಸಿನಿಂದ 20–30 ಡಿಗ್ರಿ ಹಿಂದಕ ತಿರುಗಿಸ್ರಿ. ಸೆರಗನ್ನ ಒಂದು ಮಡಿಕಿ ಹಾಕಿ ಇಡ್ರಿ, ಒಂದ ಫೋಟೋದಾಗ ಎರಡೂ ಬಣ್ಣ ಕಾಣಸ್ತಾವ.

ರಾಣಿ ಪಿಂಕ್, ನವಿಲು ನೀಲಿ ಇದ್ದಾಗ ಬರೇ ಲೂಮಿನೆನ್ಸ್ ಹಿಸ್ಟೋಗ್ರಾಮ್ (ಒಟ್ಟು ಬೆಳಕಿನ ನಕ್ಷಿ) ನಂಬಬ್ಯಾಡ್ರಿ, ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬ್ಯಾರೆ ಬ್ಯಾರೆ ತೋರಸೂದು) ನೋಡ್ರಿ. ಪಿಂಕಿಗೆ ಕೆಂಪು ಚಾನೆಲ್, ನೀಲಿಗೆ ನೀಲಿ ಚಾನೆಲ್ ಒಂದ ಬಲಕ್ಕ ಹೋಗಿ ಗ್ವಾಡಿಗೆ ಬಡದಿರ್ತದ. ಅರ್ಧ ಸ್ಟಾಪ್ ಇಳಸ್ರಿ. ಅಗ್ಗದ ಎಲ್‌ಇಡಿ ಬ್ಯಾಡ. ಸಿಆರ್‌ಐ 90 (ಬಣ್ಣ ಎಷ್ಟು ಸರಿ ತೋರಸ್ತದ ಅನ್ನೂ ಅಂಕಿ) ಅಂತ ಬರದಿದ್ರೂ ಕಡುಗೆಂಪು ತೋರಸೂ ಆರ್9 ಅಂಕಿ ಕಡಿಮಿ ಇದ್ರ ಕುಂಕುಮ ಬಣ್ಣ ಇಟ್ಟಂಗಿ ಬಣ್ಣ ಆಗ್ತದ.

ಹೇಳಿಕೊಡೂದರ ಬಗ್ಗೆ ನನ್ನ ಮಾತು ಇಷ್ಟರಿ: ಅರ್ಧ ಹೇಳಬ್ಯಾಡ್ರಿ. "ಎಫ್/8, ಐಎಸ್ಒ 100" ಅಂತ ಬರೇ ಸೆಟಿಂಗ್ ಕೊಟ್ರ ಯಾರಿಗೂ ಉಪಯೋಗಿಲ್ಲ. ಲೈಟಿನ ಅಳತಿ, ದೂರ, ಕೋನ, ಯಾವಾಗ ಕೈ ಕೊಡ್ತದ, ಇವೆಲ್ಲ ಹೇಳ್ರಿ. ಅರ್ಧಂಬರ್ಧ ಕಲತವರು ತಪ್ಪು ಬಣ್ಣದ ಫೋಟೋ ಕೊಟ್ರ ಅಂಗಡಿಯವರು ಫೋಟೋಗ್ರಾಫರ್ ಮ್ಯಾಲಿನ ನಂಬಿಕಿನ ಕಳಕೋತಾರ. ಆಮ್ಯಾಲೆ ಮೊಬೈಲಿನಾಗ ತಾವೇ ತೆಗೀತಾರ.

ಗಾಜಿನಫಲಕ:
ಈ ಪ್ರಶ್ನೆಗೆ ಛಾಯಾಗ್ರಹಣದಷ್ಟೇ ವಯಸ್ಸು. ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಗೇರನ ವಿಧಾನವನ್ನು ಫ್ರೆಂಚ್ ಸರ್ಕಾರ 1839ರ ಆಗಸ್ಟ್ 19ರಂದು ಬಹಿರಂಗಪಡಿಸಿತು; ಬದಲಿಗೆ ಡಗೇರನಿಗೆ ವರ್ಷಕ್ಕೆ 6,000 ಫ್ರಾಂಕ್, ಅವನ ದಿವಂಗತ ಪಾಲುದಾರ ನಿಯೆಪ್ಸನ ಮಗನಿಗೆ 4,000 ಫ್ರಾಂಕ್ ಪಿಂಚಣಿ. (ಇಂಗ್ಲೆಂಡಿನಲ್ಲಿ ಮಾತ್ರ ಡಗೇರ್ ಪೇಟೆಂಟ್ ಪಡೆದಿದ್ದ.) ಇಂಗ್ಲೆಂಡಿನ ಟಾಲ್ಬಟ್ ತನ್ನ ಕ್ಯಾಲೋಟೈಪಿಗೆ (ಕಾಗದದ ನೆಗೆಟಿವ್ ವಿಧಾನ) 1841ರಲ್ಲಿ ಇಂಗ್ಲೆಂಡಿನ ಪೇಟೆಂಟ್ ಪಡೆದು ಲೈಸೆನ್ಸ್ ಹಣ ಕೇಳಿದ. ಆ ಪೇಟೆಂಟ್ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಕ್ಯಾಲೋಟೈಪಿನ ಅತ್ಯುತ್ತಮ ಭಾವಚಿತ್ರಗಳನ್ನು ಹಿಲ್ ಮತ್ತು ಆಡಮ್‌ಸನ್ ತೆಗೆದದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎಂಬುದನ್ನು ನಾನು ಕಾಕತಾಳೀಯ ಎಂದು ಭಾವಿಸುವುದಿಲ್ಲ. ನಮ್ಮ ಹಳೇಬೀಡು, ಬೇಲೂರಿನ ದೇವಾಲಯಗಳನ್ನು 1854ರ ಕೊನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಸೆರೆಹಿಡಿದದ್ದೂ ಕಾಗದದ ನೆಗೆಟಿವ್ ಮೇಲೆಯೇ.

ಆದರೆ ಇನ್ನೊಂದು ಮುಖವನ್ನೂ ಮರೆಯಬಾರದು. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಗಾಜಿನ ಮೇಲಿನ ವೆಟ್ ಕೊಲೋಡಿಯನ್ ವಿಧಾನವನ್ನು ಪೇಟೆಂಟ್ ಇಲ್ಲದೆ ಪ್ರಕಟಿಸಿದ. ಅದೂ ತನ್ನ ಪೇಟೆಂಟಿನೊಳಗೇ ಬರುತ್ತದೆಂದು ಟಾಲ್ಬಟ್ ಹೂಡಿದ ದಾವೆ 1854ರ ಡಿಸೆಂಬರಿನಲ್ಲಿ ಬಿದ್ದುಹೋಯಿತು. ಮುಂದೆ ಸುಮಾರು ಮೂರು ದಶಕ ಜಗತ್ತಿನ ಸ್ಟುಡಿಯೋಗಳು ನಡೆದದ್ದು ಆರ್ಚರನ ವಿಧಾನದಲ್ಲಿ. ಆತ ಮಾತ್ರ 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಆದ್ದರಿಂದ ಹಂಚಿ, ಆದರೆ ಕಾರ್ಯಾಗಾರಕ್ಕೆ ಶುಲ್ಕ ಪಡೆಯಿರಿ. ಸಂಘದವರು "ಸೇವೆ ಅಂತ ಮಾಡಿಕೊಡಿ" ಎಂದರೆ ಒಪ್ಪಬೇಡಿ. ಒಂದು ದಿನದ ಸಂಪಾದನೆ, ಹಾಳೆಗಳ ಸವಕಳಿ, ತಯಾರಿಯ ಸಮಯ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಕೇಳಿ.

ಕರಾರುಪತ್ರ:
ಅಸಿಸ್ಟೆಂಟ್ ವಿಷಯ: ಭಾರತೀಯ ಕರಾರು ಕಾಯ್ದೆ 1872ರ 27ನೇ ಕಲಂ ಪ್ರಕಾರ, ಒಬ್ಬರ ಕಾನೂನುಬದ್ಧ ವೃತ್ತಿಗೆ ತಡೆಯೊಡ್ಡುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. "ಕೆಲಸ ಬಿಟ್ಟ ಮೇಲೆ ಸೀರೆ ಶೂಟ್ ಮಾಡಬಾರದು" ಅಂತ ಬರೆಸಿಕೊಂಡರೆ ನಿಲ್ಲುವುದಿಲ್ಲ. ಎಲ್ಲರಿಗೂ ಗೊತ್ತಿರುವ ವಿಧಾನವನ್ನು ಗುಟ್ಟು ಎಂದು ವಾದಿಸುವುದೂ ಕಷ್ಟ. ಗಿರಾಕಿಗಳ ಪಟ್ಟಿ, ದರ, ಇನ್ನೂ ಮಾರುಕಟ್ಟೆಗೆ ಬರದ ವಿನ್ಯಾಸಗಳ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಹೊರಗೆ ಕೊಡಬಾರದು ಎಂದು ಬರೆಸಿಕೊಳ್ಳಿ. ನಿಜವಾಗಿ ಕಾಪಾಡಿಕೊಳ್ಳಬೇಕಾದದ್ದು ಅದು, ಹಾಗೆ ಬರೆಸಿಕೊಳ್ಳಲು ಅಡ್ಡಿಯೂ ಇಲ್ಲ.

ಕೃತಿಸ್ವಾಮ್ಯ ಕಾಯ್ದೆ 1957 ರಕ್ಷಿಸುವುದು ಚಿತ್ರವನ್ನು, ತೆಗೆಯುವ ವಿಧಾನವನ್ನಲ್ಲ. ಅದರ 17ನೇ ಕಲಂ ನೋಡಿ: ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಅಂದರೆ ಅಂಗಡಿಗೆ ತೆಗೆದ ಫೋಟೋಗಳನ್ನು ಕಾರ್ಯಾಗಾರದ ಪರದೆಯ ಮೇಲೆ ತೋರಿಸಲು ಅಂಗಡಿಯ ಲಿಖಿತ ಒಪ್ಪಿಗೆ ಬೇಕು. ಅದಕ್ಕಿಂತ ನಿಮ್ಮದೇ ಎರಡು ಸೀರೆ ತೆಗೆದುಕೊಂಡು ಹೋಗಿ ಅಲ್ಲೇ ಶೂಟ್ ಮಾಡಿ ತೋರಿಸುವುದು ಸುಲಭ.

ಸೆರಗಿನಂಚು:
ಎಲ್ಲರಿಗೂ ಧನ್ಯವಾದ. ಶುಲ್ಕ ಇಟ್ಟು ಪೂರ್ತಿಯಾಗಿ ಹೇಳಿಕೊಡುತ್ತೇನೆ, ಅಸಿಸ್ಟೆಂಟ್ ಕಾಗದವನ್ನೂ ಬದಲಾಯಿಸುತ್ತೇನೆ. ನೆರಳುಬೆಳಕು ಸರ್, ಒಂದು ಸಂದೇಹ: ಜರಿಗೆಂದು ಇಡುವ ಹಾಳೆಯಿಲ್ಲದ ಲೈಟ್ ಎಷ್ಟಿರಬೇಕು? ಹೆಚ್ಚಿಸಿದರೆ ಒಡಲಿನ ಬಣ್ಣ ಮತ್ತೆ ತೊಳೆದುಹೋಗುತ್ತದೆ.

ನೆರಳುಬೆಳಕು:
ಮುಖ್ಯ ಲೈಟ್ ಆಫ್ ಮಾಡಿ, ಜರಿಯ ಲೈಟ್ ಒಂದನ್ನೇ ಹಾಕಿ ಟೆಸ್ಟ್ ಶಾಟ್ ತೆಗೆಯಿರಿ ಮೇಡಂ. ಜರಿ ಮಾತ್ರ ಕಂಡು ಒಡಲು ಬಹುತೇಕ ಕಪ್ಪಾಗಿದ್ದರೆ ಸರಿ. ಒಡಲೂ ಬೂದುಬಣ್ಣದಲ್ಲಿ ಕಂಡರೆ ಜಾಸ್ತಿಯಾಗಿದೆ. ಸೀರೆ ಇದ್ದ ಜಾಗದಲ್ಲಿ ಮುಖ್ಯ ಲೈಟಿಗಿಂತ 2 ಸ್ಟಾಪ್ ಕಡಿಮೆಯಿಂದ ಶುರು ಮಾಡಿ. ಮೀಟರಿನಲ್ಲಿ ಅಳೆಯುವಾಗ ಮುಖ್ಯ ಲೈಟಿನ ಹಾಳೆ ಹಾಕಿಯೇ ಅಳೆಯಿರಿ, ತೆಗೆದು ಅಳೆದರೆ ಲೆಕ್ಕ ಒಂದೂವರೆ ಸ್ಟಾಪಿನಷ್ಟು ತಪ್ಪುತ್ತದೆ. ಕೋನ 10–15 ಡಿಗ್ರಿ ದಾಟದಿರಲಿ. ಅದಕ್ಕಿಂತ ಮೇಲೇರಿದರೆ ಬೆಳಕು ಜರಿಯ ಜೊತೆಗೆ ಒಡಲಿನ ಮೇಲೂ ತುಂಬಿಕೊಳ್ಳುತ್ತದೆ. ಲೈಟಿನ ಪಕ್ಕದಲ್ಲಿ ಒಂದು ಕಪ್ಪು ಥರ್ಮಕೋಲ್ ಹಲಗೆ ನಿಲ್ಲಿಸಿ, ಇಲ್ಲದಿದ್ದರೆ ಲೆನ್ಸಿಗೆ ಫ್ಲೇರ್ ಹೊಡೆಯುತ್ತದೆ.