ಈ ವಾರದ ಸಮಸ್ಯೆ: ಕಾಡ ಕತ್ತಲೆ ದಾರಿ ತೋರಿತು

ಎಲ್ಲರಿಗೂ ನಮಸ್ಕಾರ. ಈ ಸಲದ ಸಮಸ್ಯೆ ಭಾಮಿನಿ ಷಟ್ಪದಿಯಲ್ಲಿ. ಕೊನೆಯ ಸಾಲು ಇದು:

ಕಾಡ ಕತ್ತಲೆ ದಾರಿ ತೋರಿತು ವೀರ ಬಾಲಕಗೆ

ಮೇಲಿನ ಐದು ಸಾಲು ನಿಮ್ಮದು, ಅದೇ ಪೂರಣ. ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಭಾಮಿನಿಯ ನಡೆ ಹೇಳಿಕೊಡಬೇಕಾಗಿಲ್ಲ. ಹೊಸಬರಿಗಾಗಿ ಹೇಳುತ್ತೇನೆ. ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ (ಅಕ್ಷರ ಹೇಳಲು ಬೇಕಾದ ಕಾಲದ ಅಳತೆ). ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಈ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಆದಿಪ್ರಾಸ ಇರಲಿ: ಪ್ರತಿ ಸಾಲಿನ ಮೊದಲಕ್ಷರ ದೀರ್ಘ, ಎರಡನೆಯದು ಡಕಾರ.

ತೊಡಕು ಎಲ್ಲಿದೆ ನೋಡಿ. ಕತ್ತಲೆ ದಾರಿ ತಪ್ಪಿಸುತ್ತದೆ, ತೋರಿಸುವುದಿಲ್ಲ. ದೀಪವನ್ನೋ ಚಂದ್ರನನ್ನೋ ತಂದರೆ ಅದು ಪೂರಣ ಆಗುವುದಿಲ್ಲ, ತಪ್ಪಿಸಿಕೊಂಡ ಹಾಗಾಗುತ್ತದೆ. ಕತ್ತಲೆಯೇ ತೋರಿಸಬೇಕು. ಇನ್ನೊಂದು ಆಸೆ. ಕಾಡು ಕಾಯುವ ಒಂದು ಶಕ್ತಿ ಪದ್ಯದೊಳಗೆ ಎಲ್ಲಾದರೂ ಬರಲಿ. ನಮ್ಮ ಕಡೆ ಆರ್ಭಟದ ದೈವಗಳ ಕತೆ ಜಾಸ್ತಿ. ಕತ್ತಿ ತಾಗಿಸದೆ ಬಿಟ್ಟ ಬನಗಳು ಇವತ್ತಿಗೂ ಅಡಿಕೆ ತೋಟಗಳ ಬದಿಯಲ್ಲಿವೆ, ಅಲ್ವಾ? ಅಲ್ಲಿ ಇರುವವಳು ಮೆತ್ತಗೆ ಮಾತಾಡುವವಳು ಅಂತಲೇ ನನಗೆ ಯಾವತ್ತೂ ಅನಿಸಿದ್ದು.

ಮುಳ್ಳೇರಿಯದ ಮಾಷ್ಟ್ರು:

ಬೇಡ ಹುಡುಗನು ಗುರುವ ಬೇಡಲು
ಬೇಡ ನಿನಗೀ ವಿದ್ಯೆಯೆಂದರು
ಬಾಡಿ ಬಳಲಿದ ಮೊಗದಿ ಕಾಡಿಗೆ ಮರಳಿ ನಡೆದಿರಲು
ಮಾಡಿ ಮಣ್ಣಿನ ಗುರುವ ನಿಲಿಸುತ
ಹೂಡೆ ಬಾಣವ ಸದ್ದಿನತ್ತಲೆ
ಕಾಡ ಕತ್ತಲೆ ದಾರಿ ತೋರಿತು ವೀರ ಬಾಲಕಗೆ

ನಾನು: ಮಾಷ್ಟ್ರೇ, ಏಕಲವ್ಯ ನನಗೆ ಹೊಳೆದಿರಲೇ ಇಲ್ಲ. ಬೊಗಳುವ ನಾಯಿಯ ಬಾಯಿಗೆ ಬಾಣ ತುಂಬಿದವನಿಗೆ ಕಿವಿಯೇ ಕಣ್ಣು. ಕಿವಿ ಚುರುಕಾಗುವುದು ಕತ್ತಲೆಯಲ್ಲೇ. ಆದಿಪರ್ವದಲ್ಲಿ ಅರ್ಜುನನಿಗೂ ಕತ್ತಲೆಯೇ ಪಾಠ ಹೇಳಿದ್ದು. ಊಟದ ಹೊತ್ತಿಗೆ ಗಾಳಿಗೆ ದೀಪ ಆರಿತು, ಕೈ ತಪ್ಪದೆ ಬಾಯಿಗೆ ಹೋಯಿತು, ಆವತ್ತಿನಿಂದ ರಾತ್ರಿಯೂ ಬಿಲ್ಲಿನ ಅಭ್ಯಾಸ. ಆದರೆ ಕಾಯುವವಳು ನಿಮ್ಮ ಪದ್ಯಕ್ಕೆ ಬರಲಿಲ್ಲ.

ಪೈವಳಿಕೆಯ ತಮ್ಮ: ಮಿಂಚುಹುಳ ತರಬಹುದಾ? ಅದೂ ಬೆಳಕೇ ಅಲ್ವಾ?

ನಾನು: ತರಬಹುದು. ಹಗಲಲ್ಲಿ ಕಾಣದ ಬೆಳಕು ಕತ್ತಲೆಯದ್ದೇ.

ಮಂಜೇಶ್ವರದ ಅಣ್ಣ: ನಾನು ಪ್ರಾಸ ಬಿಟ್ಟು ಬರೆದಿದ್ದೇನೆ. ನಡೆಯುತ್ತದಾ ನೋಡಿ.

ಹುಲಿಯ ಹೆಜ್ಜೆಯ ಸದ್ದು ಹಿಂದಿದೆ
ಮುಂದೆ ಬಾಯ್ದೆರೆದಿರುವ ಕೊರಕಲು
ಎಳೆಯ ಕೈಯನು ಮೆಲ್ಲ ಹಿಡಿದಳು ಬನದ ಮುತ್ತಜ್ಜಿ
ಹುಲಿಗೆ ಕಾಣದ ಹಾಗೆ ಸೆರಗಲಿ
ಮುಚ್ಚಿ ನಡೆಸಿದಳವನ ಮನೆಕಡೆ
ಕಾಡ ಕತ್ತಲೆ ದಾರಿ ತೋರಿತು ವೀರ ಬಾಲಕಗೆ

ನಾನು: ಗೋವಿಂದ ಪೈಗಳು 1911ರಲ್ಲೇ ಆದಿಪ್ರಾಸ ಬಿಟ್ಟು ಬರೆದವರು. ಅವರ ಊರಿನಿಂದ ಬಂದ ಪದ್ಯವನ್ನು ಪ್ರಾಸ ಇಲ್ಲ ಅಂತ ಹೊರಗಿಡುವುದು ಸರಿಯಲ್ಲ. ಕತ್ತಲೆಯನ್ನೇ ಸೆರಗು ಮಾಡಿದ್ದು ತುಂಬ ಚಂದ. ಒಂದೇ ಸಂಶಯ, ಅಣ್ಣಾ. ದಾರಿ ತೋರಿಸಿದ್ದು ಅಜ್ಜಿಯಲ್ವಾ? ಕತ್ತಲೆಯ ಪಾಲೇನು?

ಮಂಜೇಶ್ವರದ ಅಣ್ಣ: ಅಜ್ಜಿ ಬೇರೆ, ಕತ್ತಲೆ ಬೇರೆ ಅಂತ ನಾನು ಅಂದುಕೊಂಡೇ ಇಲ್ಲ.

ನಾನು: ಹಾಗೆ ಓದಿದರೆ ಪದ್ಯ ಇನ್ನೂ ದೊಡ್ಡದಾಗುತ್ತದೆ.

ಅಡೂರಿನ ಅಕ್ಕ:

ಮೂಡಿ ಬಾರದ ಚಂದ್ರನಿರುಳಲಿ
ತೋಡು ದಾಟಲು ಸೂಟೆ ನಂದಿತು
ಓಡಬೇಡವೊ ಮಗನೆ ನಿಲ್ಲೆನೆ ಬನದ ದೇವತೆಯು
ನೋಡನೋಡಲು ಕಣ್ಣು ಪಳಗಿತು
ಕೂಡಿ ಮಿನುಗಿತು ಮರದೊಳಣಬೆಯು
ಕಾಡ ಕತ್ತಲೆ ದಾರಿ ತೋರಿತು ವೀರ ಬಾಲಕಗೆ

ಮುಳ್ಳೇರಿಯದ ಮಾಷ್ಟ್ರು: ಅಣಬೆ ಮಿನುಗುವುದು ಕಲ್ಪನೆಯಾ, ಅಕ್ಕಾ?

ಅಡೂರಿನ ಅಕ್ಕ: ಅಲ್ಲ ಮಾಷ್ಟ್ರೇ. ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರಂ ಕಾಡಿನಲ್ಲೇ ಇದೆ. 2024ರ ಅಣಬೆ ಸಮೀಕ್ಷೆಯಲ್ಲಿ ಸಿಕ್ಕಿತು. ಫಿಲೋಬೊಲೆಟಸ್ ಮ್ಯಾನಿಪುಲಾರಿಸ್ ಅಂತ ಹೆಸರು. ಕೊಳೆತ ಮರದ ಮೇಲೆ ಏಳುತ್ತದೆ, ರಾತ್ರಿ ಹಸಿರಾಗಿ ಹೊಳೆಯುತ್ತದೆ. ಟಾರ್ಚ್ ಹಾಕಿದರೆ ಬರೀ ಅಣಬೆ, ಅಷ್ಟೇ.

ನಾನು: ಅಕ್ಕಾ, ಸಮಸ್ಯೆ ಕೊಡುವಾಗ ನಾನು ಬಯಸಿದ್ದು ಇಂಥದ್ದನ್ನೇ. ಸೂಟೆ (ಒಣ ತೆಂಗಿನ ಗರಿಯ ಪಂಜು) ಉರಿಯುವಾಗ ಹುಡುಗನಿಗೆ ಕಾಣುವುದು ಸೂಟೆಯ ಸುತ್ತಲಿನ ನಾಲ್ಕು ಮಾರು ಜಾಗ ಮಾತ್ರ. ಅದು ನಂದಿದ ಮೇಲೆ ಇಡೀ ಕಾಡು ಕಾಣಲು ಶುರುವಾಗುತ್ತದೆ. ಆದರೆ ಕೂಡಲೇ ಅಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಪಳಗಲು 20-30 ನಿಮಿಷ ಬೇಕು. ಅಷ್ಟು ಹೊತ್ತು ಹೆದರಿದ ಹುಡುಗ ಓಡದ ಹಾಗೆ ನೋಡಿಕೊಳ್ಳಬೇಕಲ್ಲ, ದೇವತೆ ಮಾಡಿದ್ದು ಅದನ್ನೇ. ಅವಳು ಮುಂದೆ ನಡೆಯಲಿಲ್ಲ, ದೀಪ ಹಿಡಿಯಲಿಲ್ಲ. ನಿಲ್ಲು ಅಂದಳು. ಅವನು ನಿಂತ. ‘ವೀರ’ ಅನ್ನುವ ಪದಕ್ಕೆ ಮಾಷ್ಟ್ರು ಬಿಲ್ಲು ಕೊಟ್ಟರು, ನೀವು ನಿಲ್ಲುವ ಧೈರ್ಯ ಕೊಟ್ಟಿರಿ. ನನ್ನ ಮಟ್ಟಿಗೆ ಈ ವಾರ ನಿಮ್ಮ ಪೂರಣವೇ ಮೇಲು.

ಪೈವಳಿಕೆಯ ತಮ್ಮ: ‘ಮರದ ಅಣಬೆಯು’ ಅಂದರೂ ಮಾತ್ರೆ ಸರಿಯಾಗುತ್ತದಲ್ವಾ?

ನಾನು: ಮಾತ್ರೆ ಸರಿ. ಹಾಡಿ ನೋಡು, ಸ್ವರದ ಮೇಲೆ ಸ್ವರ ಬಂದು ಅಲ್ಲೇ ಮುಗ್ಗರಿಸುತ್ತದೆ. ಅಕ್ಕ ಸಂಧಿ ಮಾಡಿದ್ದು ಅದಕ್ಕೇ. ಆದಿತ್ಯವಾರದವರೆಗೆ ಸಮಯ ಇದೆ. ಗೂಡು, ಹಾಡು, ಮೋಡ, ಬೀಡು ಇನ್ನೂ ಯಾರೂ ಮುಟ್ಟಿಲ್ಲ. ನಿನ್ನ ಮಿಂಚುಹುಳದ ಪದ್ಯ ಎಲ್ಲಿ, ತಮ್ಮಾ?